ಲಡ್ಡು ಹಿಡಿದ ನಾಲ್ಕು ಕಂಬ: ಮಿಷಿಗನ್‌ನ ಒಂದು ಪೋಲ್ ಬಾರ್ನ್ ರಿಪೇರಿ

ಅಮೆರಿಕದ ಮಿಷಿಗನ್ ರಾಜ್ಯದ ದಕ್ಷಿಣ ಭಾಗ. ಸುತ್ತ ಮುಸುಕಿನ ಜೋಳ, ಸೋಯಾ ಹೊಲಗಳು. ನಡುವೆ ಐದು ಎಕರೆ ಜಾಗ, ಒಂದು ಮನೆ, ಮನೆ ಹಿಂದೆ ಒಂದು ಪೋಲ್ ಬಾರ್ನ್, ಅಂದರೆ ಕಂಬ ಹೂತು ತಗಡು ಹೊದಿಸಿದ ದೊಡ್ಡ ಕೊಟ್ಟಿಗೆ. ಮಾಲೀಕರು ಹಾಸನದ ಕಡೆಯವರು, ಕಾರು ಕಂಪನಿಯಲ್ಲಿ ಕೆಲಸ. ಹೆಸರು ಬೇಡ, ಇಲ್ಲಿನ ಕನ್ನಡದವರೆಲ್ಲ ಕರೆಯುವ ಹಾಗೆ ಗೌಡ್ರು ಅಂತಲೇ ಇಟ್ಟುಕೊಳ್ಳೋಣ. ಜಾಗ ಕೊಳ್ಳುವಾಗ ಅವರಿಗೆ ಮನೆಗಿಂತ ಬಾರ್ನ್ ಮೇಲೇ ಕಣ್ಣು. ಅವರ ಮನೆಯಾಕೆಯನ್ನು ನಾನು ಅಕ್ಕ ಅನ್ನುತ್ತೇನೆ. ಅವರು ಇಡೀ ವ್ಯವಹಾರವನ್ನು ಎರಡೇ ಮಾತಲ್ಲಿ ಮುಗಿಸುತ್ತಾರೆ: "ಮನೆ ತಗೊಂಡ್ರೆ ಬಾರ್ನ್ ಫ್ರೀ ಅಂದ್ರು. ಈಗ ನೋಡಿದ್ರೆ ಬಾರ್ನ್‌ಗೆ ನಾವೇ ಫ್ರೀ."

ಕಟ್ಟಡದ ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡು. ಹಾಗಾಗಿ ದೂರು ನನ್ನ ಹತ್ತಿರ ಬಂತು. ಒಂದು, ಮಾಡು ಸೋರುತ್ತಿದೆ. ಎರಡು, ಚಳಿಗಾಲದ ಕೊನೆಗೆ ದೊಡ್ಡ ಜಾರುಬಾಗಿಲು ಕಚ್ಚಿಕೊಂಡು ನಿಲ್ಲುತ್ತದೆ. ಮೂರು, ಉತ್ತರದ ಕಡೆಯ ಸೂರು ನಡುವೆ ಸ್ವಲ್ಪ ಜಗ್ಗಿದ ಹಾಗೆ ಕಾಣುತ್ತದೆ. ಗೌಡ್ರ ತಲೆಬಿಸಿಯೆಲ್ಲ ಮೊದಲನೆಯದರ ಮೇಲೆ. ಮೂರನೆಯದನ್ನು ಅವರು ಹೇಳಿದ್ದು ಕಾಫಿ ಕುಡಿದು ಎದ್ದ ಮೇಲೆ, "ಹಾಂ, ಇನ್ನೊಂದು" ಅಂತ.

ಪೋಲ್ ಬಾರ್ನ್ ನೋಡದವರಿಗೆ ಸ್ವಲ್ಪ ಹೇಳಬೇಕು. ಇದಕ್ಕೆ ಪಾಯದ ಗೋಡೆ ಇರುವುದಿಲ್ಲ. ಗುಂಡಿ ತೆಗೆದು ಕಂಬ ಹೂಳುತ್ತಾರೆ, ಕಂಬದಿಂದ ಕಂಬಕ್ಕೆ ಅಡ್ಡಪಟ್ಟಿ ಹೊಡೆಯುತ್ತಾರೆ, ಮೇಲೆ ಟ್ರಸ್ (ಮಾಡು ಹೊರುವ ತ್ರಿಕೋನದ ಚೌಕಟ್ಟು) ಕೂರಿಸಿ ಸುತ್ತ ತಗಡು ಹೊದಿಸುತ್ತಾರೆ. 1930ರ ದಶಕದಲ್ಲಿ ಅಮೆರಿಕದ ರೈತರ ಕೈ ಬರಿದಾಗಿದ್ದಾಗ ಹೊವಾರ್ಡ್ ಡೋನ್ ಎಂಬ ಕೃಷಿ ಸಲಹೆಗಾರರೂ ಅವರ ಜತೆಗಿದ್ದ ಜಾರ್ಜ್ ಪರ್ಕಿನ್ಸ್ ಎಂಬವರೂ ಈ ರೀತಿಯ ಕಟ್ಟಡಕ್ಕೆ ಒಂದು ರೂಪ ಕೊಟ್ಟರು. ಟೆಲಿಫೋನ್ ಕಂಬದಂಥ ದುಂಡು ಕಂಬ, ಅಗ್ಗದ ತಗಡು, ಕಡಿಮೆ ಕೂಲಿ. ಈಗ ಕಂಬ ಚೌಕ ಆಗಿದೆ, ತಗಡಿಗೆ ಬಣ್ಣ ಬಂದಿದೆ. ಬೇರೆ ಹೆಚ್ಚೇನೂ ಬದಲಾಗಿಲ್ಲ.

ಗೌಡ್ರ ಬಾರ್ನ್ 30 ಅಡಿ ಅಗಲ, 40 ಅಡಿ ಉದ್ದ. 1980ರ ದಶಕದ್ದು. ಎಂಟು ಅಡಿಗೊಂದರಂತೆ ಉದ್ದದ ಗೋಡೆಗೆ ಆರಾರು ಕಂಬ. ನೆಲ ಅರ್ಧ ಕಾಂಕ್ರೀಟು, ಅರ್ಧ ಮಣ್ಣು. ಹಿಂದಿನವರು ಕುದುರೆ ಸಾಕಿದ್ದರು.

ಒಳಗಿನ ಸಾಮಾನು ಬೇರೆಯೇ ಒಂದು ಪ್ರಕರಣ. ಓಡದ ಎರಡು ಹುಲ್ಲು ಕತ್ತರಿಸುವ ಗಾಡಿ, ಓಡುವ ಒಂದು. ಹಿಮ ತಳ್ಳುವ ಯಂತ್ರ. ಮಕ್ಕಳು ಕಾಲೇಜಿಗೆ ಹೋದ ಮೇಲೂ ಬಿಡದ ಟ್ರಾಂಪೊಲಿನ್. ಬೆಂಗಳೂರಿನಿಂದ ಹಡಗಿನಲ್ಲಿ ಬಂದ ಒರಳುಕಲ್ಲು. ಮೇಲಿಂದ ಊರಿನ ಕನ್ನಡ ಸಂಘದ ರಂಗಸಜ್ಜಿಕೆ ಪೂರ್ತಿ ಇಲ್ಲೇ: ಥರ್ಮಾಕೋಲಿನ ಗಣಪತಿ ಮಂಟಪ, ಪ್ಲೈವುಡ್ ಸಿಂಹಾಸನ, ದಸರೆಯ ರಟ್ಟಿನ ಆನೆ. ಆನೆಯ ಹಿಂದೆ ಒಂದು ಗ್ರೌಂಡ್‌ಹಾಗ್ ಸಂಸಾರ ಹೂಡಿತ್ತು. ಹೆಗ್ಗಣವನ್ನು ನಾಲ್ಕು ಪಟ್ಟು ಊದಿಸಿದಂಥ ಪ್ರಾಣಿ ಅದು, ನೆಲ ಕೊರೆಯುವುದರಲ್ಲಿ ಎತ್ತಿದ ಕೈ. ಪಕ್ಕದ ಹೊಲದ ಅಜ್ಜ, ಹುಟ್ಟಿದಾಗಿನಿಂದ ಇದೇ ರಸ್ತೆಯಲ್ಲಿ ಇರುವವರು, ಒಳಗೆ ಒಮ್ಮೆ ಕಣ್ಣಾಡಿಸಿ ಹೇಳಿದರು: "ಈ ಬಾರ್ನನ್ನ ಹಿಡಿದು ನಿಲ್ಲಿಸಿರೋದೇ ಈ ಪೆಟ್ಟಿಗೆಗಳು. ತೆಗೆಯೋಕೆ ಮುಂಚೆ ಒಂದು ಮಾತು ಹೇಳಿ, ನಾನು ದೂರ ನಿಂತ್ಕೋತೀನಿ."

ಮೊದಲು ಸೋರುವ ವಿಷಯ. ಮಾಡಿಗೆ ಬಳಿಯುವ ರಬ್ಬರ್ ಬಣ್ಣದ ಡಬ್ಬಗಳನ್ನು ಗೌಡ್ರು ಆಗಲೇ ತಂದಿಟ್ಟಿದ್ದರು. ನಾನು ಒಂದೇ ಪ್ರಶ್ನೆ ಕೇಳಿದೆ: "ಯಾವಾಗ ಸೋರುತ್ತೆ ಗೌಡ್ರೆ?" ಅವರು ಯೋಚಿಸಿ, "ಮಳೆ ಬಂದಾಗ ಅಷ್ಟಿಲ್ಲ. ಬಿಸಿಲು ಬಂದಾಗ ಜಾಸ್ತಿ" ಅಂದರು. ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ನಗು ಬಂತು.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ಹೋಗಿ ನೋಡಿದೆವು. ಆಕಾಶ ಶುಭ್ರ, ರಾತ್ರಿ ಗಡಗಡ ಚಳಿ ಬಿದ್ದಿತ್ತು. ಟಾರ್ಚ್ ಹಿಡಿದರೆ ತಗಡಿನ ಒಳಮೈ ತುಂಬಾ ಬಿಳಿ ಹಿಮದ ಪುಡಿ, ಸಕ್ಕರೆ ಉದುರಿಸಿದ ಹಾಗೆ. ಮೊಳೆಗಳ ತುದಿಯಲ್ಲಿ ಸಣ್ಣ ಸಣ್ಣ ಸೂಜಿಗಳು. ಪೂರ್ವದ ಬಿಸಿಲು ಮಾಡಿಗೆ ತಾಗಿದ್ದೇ ತಡ, ಮೊದಲು ಒಂದು ಹನಿ ಟ್ರಾಂಪೊಲಿನ್ ಮೇಲೆ ಟಪ್ ಅಂದಿತು. ಆಮೇಲೆ ಇಡೀ ಬಾರ್ನ್ ಒಳಗೆ ಸಣ್ಣ ಮಳೆ. ಹೊರಗೆ ಮೋಡದ ಸುಳಿವೂ ಇಲ್ಲ.

ಇದು ತೂತಲ್ಲ, ಬೆವರು. ಶುಭ್ರ ರಾತ್ರಿಯಲ್ಲಿ ತಗಡು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟು, ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನ ಒದ್ದೆ ಮಣ್ಣಿನಿಂದ ಎದ್ದ ಆವಿ ಹೋಗಿ ಅದಕ್ಕೆ ಹತ್ತಿಕೊಳ್ಳುತ್ತದೆ. ಮಾಡಿನ ನೆತ್ತಿಯಲ್ಲಿ ಗಾಳಿ ಹೋಗಲು ಕಂಡಿ ಇತ್ತು, ಸರಿ. ಆದರೆ ಹಿಮದ ಪುಡಿ ನುಗ್ಗುತ್ತದೆ ಅಂತ ಯಾರೋ ಅದಕ್ಕೆ ಫೋಮ್ ತುರುಕಿದ್ದರು. ಫೋಮ್ ಕಿತ್ತು, ಮಣ್ಣಿನ ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಜಲ್ಲಿ ಹರಡಿದರು. ನಿಜವಾದ ಸೋರಿಕೆ ಇದ್ದದ್ದು ಮೇಲೆದ್ದ ಕೆಲವು ಮೊಳೆಗಳ ಹತ್ತಿರ ಮಾತ್ರ. ಹಳೇ ಮೊಳೆ ತೆಗೆದು, ಅದಕ್ಕಿಂತ ದಪ್ಪದ, ರಬ್ಬರ್ ವಾಷರಿನ ತಿರುಪು ಹಾಕಿದರೆ ಅದಕ್ಕೆ ಸಾಕು. ಬಣ್ಣದ ಡಬ್ಬ ಅಂಗಡಿಗೆ ವಾಪಸ್.

ಬಾಗಿಲಿನದೂ ದೊಡ್ಡ ಗುಟ್ಟಲ್ಲ. ಬಾಗಿಲ ಮುಂದಿನ ಜೇಡಿ ಮಣ್ಣು ನೀರು ಕುಡಿದು, ಹೆಪ್ಪುಗಟ್ಟಿ, ಉಬ್ಬಿ ಬಾಗಿಲ ತಳಕ್ಕೆ ಒತ್ತುತ್ತಿತ್ತು. ಮಣ್ಣು ತೆಗೆದು ಜಲ್ಲಿ ತುಂಬಿದರು.

ಉಳಿದದ್ದು ಆ "ಹಾಂ, ಇನ್ನೊಂದು". ಅಸಲಿ ರೋಗ ಅದೇ.

ಉತ್ತರದ ಗೋಡೆ ಹೊರಗಿನಿಂದ ನೋಡಿದರೆ ಕತೆ ಅರ್ಧ ಅಲ್ಲೇ ಗೊತ್ತಾಗುತ್ತದೆ. ಆ ಕಡೆಯ ನೆಲ ಬಾರ್ನ್ ಕಡೆಗೇ ಇಳಿಜಾರು. ಕುದುರೆಯವರು ವರ್ಷಗಟ್ಟಲೆ ಲಾಯದ ಗೊಬ್ಬರ ಬಾಚಿ ಅದೇ ಗೋಡೆಗೆ ಒರಗಿಸಿದ್ದರು. ನೆಲ ಎಂಟು ಇಂಚು ಏರಿತ್ತು. ತಳದ ಹಲಗೆ ಮುಚ್ಚಿಹೋಗಿ, ತಗಡೇ ಮಣ್ಣಿಗೆ ತಾಗಿ ತುಕ್ಕು ಹಿಡಿದಿತ್ತು. ಸೂರಿಗೆ ಗಟರ್, ಅಂದರೆ ಮಳೆನೀರು ಹಿಡಿಯುವ ದೋಣಿ, ಇಲ್ಲ. ಲೆಕ್ಕ ಹಾಕಿ: ಒಂದು ಇಂಚು ಮಳೆ ಬಂದರೆ ಈ ಅಳತೆಯ ಮಾಡಿನ ಮೇಲೆ ಬೀಳುವುದು ಸುಮಾರು 2,800 ಲೀಟರ್ ನೀರು. ಅದರಲ್ಲಿ ಅರ್ಧ, 20 ಲೀಟರಿನ ಎಪ್ಪತ್ತು ಕ್ಯಾನಿನಷ್ಟು, ಉತ್ತರದ ಕಂಬಗಳ ಬುಡಕ್ಕೆ. ಪ್ರತಿ ಮಳೆಗೂ. ನಲವತ್ತು ವರ್ಷ.

ಮರ ಕೊಳೆಯುವುದು ಎಲ್ಲ ಕಡೆ ಒಂದೇ ಸಮ ಅಲ್ಲ. ಬೂಷ್ಟಿಗೆ ನೀರೂ ಬೇಕು, ಗಾಳಿಯೂ ಬೇಕು. ನೆಲದೊಳಗೆ ಆಳಕ್ಕೆ ಹೋದರೆ ಗಾಳಿ ಕಡಿಮೆ, ಮೇಲೆ ಬಂದರೆ ನೀರು ಕಡಿಮೆ. ನೆಲಮಟ್ಟದ ಸುತ್ತಿನ ಒಂದು ಗೇಣಿನಲ್ಲಿ ಎರಡೂ ಧಾರಾಳ. ಹಾಗಾಗಿ ಪೋಲ್ ಬಾರ್ನ್ ಕೊಳ್ಳುವವರು ಮಾಡು, ಬಾಗಿಲು, ಬಣ್ಣ ನೋಡುವ ಮೊದಲು ಆ ಒಂದು ಗೇಣು ನೋಡಬೇಕು. ಅದಕ್ಕೆ ಬೇಕಾದ ಉಪಕರಣ ಒಂದು ಕೈಗುದ್ದಲಿ, ಒಂದು ಸ್ಕ್ರೂಡ್ರೈವರ್.

ಬುಡದ ಮಣ್ಣು ಬಿಡಿಸಿ ಒಂದೊಂದೇ ಕಂಬ ಚುಚ್ಚಿದೆವು. ಮೂಲೆಯ ಎರಡು ಗಟ್ಟಿ, ಸ್ಕ್ರೂಡ್ರೈವರ್ ಗೀರು ಹಾಕಿ ಜಾರಿತು. ನಡುವಿನ ನಾಲ್ಕು ಕಂಬಗಳ ಹೊರಮೈ ಚೆನ್ನಾಗಿಯೇ ಇತ್ತು, ಹಸಿರು ಛಾಯೆಯೂ ಮಾಸಿರಲಿಲ್ಲ. ಬಿರುಕಿನಲ್ಲಿ ತುದಿ ಇಟ್ಟು ಒತ್ತಿದರೆ ಎರಡು ಇಂಚು ಸಲೀಸಾಗಿ ಒಳಗೆ. ಹೊರಗೆಳೆದಾಗ ತುದಿಗೆ ಕಂದು ಪುಡಿ ಹತ್ತಿತ್ತು, ಬೆರಳಲ್ಲಿ ತಿಕ್ಕಿದರೆ ನಶ್ಯದಷ್ಟು ನುಣ್ಣಗೆ. ಸುತ್ತಿಗೆಯಲ್ಲಿ ಬಡಿದರೆ ಡಬ್ ಡಬ್. ಮೇಲೆ ಥಳುಕು, ಒಳಗೆ ಹುಳುಕು. ಕಾರಣ ಇದೆ: ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿದ ಔಷಧಿಯನ್ನು ಒತ್ತಡ ಹಾಕಿ ಮರಕ್ಕೆ ಕುಡಿಸುತ್ತಾರೆ. ಹೊರಗಿನ ಬಿಳಿಮರ ಅದನ್ನು ಕುಡಿಯುತ್ತದೆ, ಒಳಗಿನ ತಿರುಳು ಅಷ್ಟಾಗಿ ಕುಡಿಯುವುದಿಲ್ಲ. ಆರಿಂಚು ಚೌಕದ ಕಂಬದ ನಡುವೆ ತಿರುಳೇ ಜಾಸ್ತಿ. ಬಿರುಕು ಬಿಟ್ಟು ನೀರು ಒಳಗೆ ಹೊಕ್ಕರೆ ಕಂಬ ಒಳಗಿನಿಂದಲೇ ಲಡ್ಡು ಹಿಡಿಯುತ್ತದೆ.

ಗೌಡ್ರು ಇಬ್ಬರು ಕಂಟ್ರಾಕ್ಟರುಗಳನ್ನು ಕರೆಸಿದರು. ಒಬ್ಬರು ಬಾರ್ನ್ ಸುತ್ತ ಒಂದು ಸುತ್ತು ಬಂದು, ಕೆಡವಿ ಹೊಸದು ಕಟ್ಟಿ ಅಂದರು. ಅವರು ಹೇಳಿದ ದುಡ್ಡಿಗೆ ಅಕ್ಕ ಕಾಫಿಗೆ ಎರಡನೇ ಸಲ ಸಕ್ಕರೆ ಹಾಕಿದರು. ಇನ್ನೊಬ್ಬರದು ಅಗ್ಗದ ದಾರಿ: ಎಲ್ಲ ಕಂಬಗಳನ್ನೂ ನೆಲಮಟ್ಟಕ್ಕೆ ಕುಯ್ದು, ಕೆಳಗೆ ಕಾಂಕ್ರೀಟ್ ಹಾಕಿ, ಕಬ್ಬಿಣದ ಬ್ರಾಕೆಟ್ ಮೇಲೆ ಕೂರಿಸುವುದು. ಗೌಡ್ರಿಗೆ ಇದು ಬಹಳ ಹಿಡಿಸಿತು.

"ನಮ್ಮೂರ ತೊಟ್ಟಿಮನೇಲಿ ಕಂಬ ನಿಂತಿರೋದು ಕಲ್ಲಿನ ಮೇಲೆ ಅಲ್ವಾ? ಅಜ್ಜನ ಕಾಲದ್ದು. ಒಂದು ಕಂಬಾನೂ ಕೊಳೆತಿಲ್ಲ. ಇದೂ ಅದೇ ತಾನೆ?"

ಕೊಳೆಯುವ ಮಟ್ಟಿಗೆ ಅವರ ಮಾತು ನೂರಕ್ಕೆ ನೂರು ನಿಜ. ಮರ ಮಣ್ಣಿಗೆ ತಾಗದಿದ್ದರೆ ಬಾಳುತ್ತದೆ. ಆದರೆ ತೊಟ್ಟಿಮನೆಯ ಮೇಲೆ ಹೆಂಚಿದೆ, ದಪ್ಪ ತೊಲೆ ಇದೆ, ಸುತ್ತ ಮಣ್ಣಿನ ಗೋಡೆ ಇದೆ. ಆ ಭಾರವೇ ಕಂಬವನ್ನು ಕಲ್ಲಿನ ಮೇಲೆ ಒತ್ತಿ ಹಿಡಿದಿರುತ್ತದೆ. ಇಲ್ಲಿನ ತಗಡು ಚದರ ಮೀಟರಿಗೆ ಮೂರು ಕೆಜಿ ಆಸುಪಾಸು. ಜೋರು ಗಾಳಿ ಬೀಸಿದಾಗ ಈ ಕಟ್ಟಡ ಕುಸಿಯುವುದಕ್ಕಿಂತ ಹಾರುವುದಕ್ಕೆ ನೋಡುತ್ತದೆ. ದೊಡ್ಡ ಬಾಗಿಲು ತೆರೆದಿದ್ದರೆ ಇನ್ನೂ ಕಷ್ಟ, ಗಾಳಿ ಒಳಗೆ ನುಗ್ಗಿ ಮಾಡನ್ನು ಮೇಲಕ್ಕೆ ತಳ್ಳುತ್ತದೆ.

ಇನ್ನೊಂದು ಮಾತು, ಇದನ್ನು ಎಷ್ಟೋ ರಿಪೇರಿಯವರೇ ಮರೆಯುತ್ತಾರೆ. ನೆಲದಲ್ಲಿ ನಾಲ್ಕು ಅಡಿ ಹೂತ ಕಂಬ ಭಾರ ಹೊರುವುದಷ್ಟೇ ಅಲ್ಲ, ಕಟ್ಟಡ ಪಕ್ಕಕ್ಕೆ ವಾಲದಂತೆಯೂ ಹಿಡಿಯುತ್ತದೆ. ಅದನ್ನು ನೆಲಮಟ್ಟಕ್ಕೆ ಕುಯ್ದು ಸಾದಾ ಬ್ರಾಕೆಟ್ ಮೇಲೆ ಇಟ್ಟರೆ ಬುಡದಲ್ಲಿ ಒಂದು ಕೀಲು ಆದ ಹಾಗೆ. ಒಂದೆರಡು ಕಂಬಕ್ಕೆ ಪರವಾಗಿಲ್ಲ, ತಗಡಿನ ಹೊದಿಕೆ ಮತ್ತು ಅಕ್ಕಪಕ್ಕದ ಕಂಬಗಳು ಸುಧಾರಿಸಿಕೊಳ್ಳುತ್ತವೆ. ಎಲ್ಲ ಕಂಬಕ್ಕೂ ಮಾಡಿದರೆ ಗಾಳಿಯ ಹೊರೆಯೆಲ್ಲ ಆ ತೆಳು ತಗಡಿನ ಮೇಲೆ. ಗಟ್ಟಿಯಿರುವ ಕಂಬವನ್ನು ಮುಟ್ಟಬಾರದು ಅನ್ನುವುದು ನನ್ನ ಹಟ. ಗೌಡ್ರು ಒಪ್ಪುವುದಕ್ಕೆ ಒಂದು ವಾರ ತಗೊಂಡರು. ಎಲ್ಲವನ್ನೂ ಒಂದೇ ಸಲ ಮುಗಿಸಬೇಕು ಅನ್ನುವ ಜಾಯಮಾನದವರು.

ಕೊನೆಗೆ ಉಳಿದದ್ದು ಮೂರನೇ ದಾರಿ. ಕೆಟ್ಟ ನಾಲ್ಕು ಕಂಬಗಳ ಬುಡ ಮಾತ್ರ ಕುಯ್ದು ತೆಗೆದು, ಅದೇ ಗುಂಡಿಗೆ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಕಾಲು ಇಳಿಸುವುದು. ಅದರ ನೆತ್ತಿಯಲ್ಲಿ ಉಕ್ಕಿನ ತೊಟ್ಟಿಲು ಇರುತ್ತದೆ. ಹಳೇ ಕಂಬದ ಗಟ್ಟಿ ಭಾಗ ಅದರೊಳಗೆ ಕೂತು ಬೋಲ್ಟ್ ಆಗುತ್ತದೆ. ಮರ ಮಣ್ಣಿಂದ ಮೇಲೆ ಉಳಿಯಿತು, ಕಾಲು ಮಾತ್ರ ಮೊದಲಿನ ಹಾಗೆ ನೆಲದಲ್ಲಿ ಹೂತೇ ಇರುತ್ತದೆ. ಮಿಷಿಗನ್‌ನಲ್ಲಿ ನೆಲ ಹೆಪ್ಪುಗಟ್ಟುವ ಆಳಕ್ಕೆ 42 ಇಂಚು ಅಂತ ಲೆಕ್ಕ. ಕಾಲಿನ ತಳ ಅದಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ಚಳಿಗಾಲದ ನೆಲ ಅದನ್ನು ಮೇಲಕ್ಕೆ ನೂಕುತ್ತದೆ. ತಳಕ್ಕೆ ಅಡ್ಡಲಾಗಿ ಒಂದು ಕಬ್ಬಿಣದ ಆಂಗಲ್ ಬಿಗಿಯುತ್ತಾರೆ, ಗಾಳಿ ಎಳೆದಾಗ ಕಿತ್ತು ಬರದಿರಲಿ ಅಂತ.

ಆದರೆ ಕಂಬಕ್ಕಿಂತ ಮೊದಲು ನೀರು. ಇದರಲ್ಲಿ ನಾನು ರಾಜಿ ಆಗಲಿಲ್ಲ. ನೀರು ಹಾಗೇ ಬಿಟ್ಟು ಕಂಬ ಬದಲಿಸಿದರೆ ಮುಂದಿನ ಸರದಿ ಮೂಲೆಯ ಕಂಬಗಳದ್ದು. ಏಪ್ರಿಲ್‌ನಲ್ಲಿ ಉತ್ತರದ ಸೂರಿಗೆ ಆರಿಂಚಿನ ಗಟರ್ ಬಂತು, ನೀರನ್ನು ದೂರದ ಕಾಲುವೆಗೆ ಸಾಗಿಸುವ ಪೈಪು ಬಂತು. ಏರಿದ್ದ ಮಣ್ಣನ್ನೆಲ್ಲ ಬಾಚಿ ತೆಗೆದು, ಗೋಡೆಯಿಂದ ಆಚೆಗೆ ಇಳಿಜಾರು ಬರುವ ಹಾಗೆ ಮಾಡಿಸಿದರು. ತೆಗೆದ ಮಣ್ಣು ಹಳೇ ಕುದುರೆ ಗೊಬ್ಬರ ತಾನೆ, ಅಕ್ಕನ ಬದನೆ ಗಿಡಗಳು ಆ ವರ್ಷ ಸೊಂಟದೆತ್ತರ.

ಮೇ ತಿಂಗಳಲ್ಲಿ ಕಂಬದ ಕೆಲಸ ಶುರುವಾಗಬೇಕಿತ್ತು. ಅಷ್ಟರಲ್ಲಿ ಬಾರ್ನ್ ಸ್ವಾಲೋ ಹಕ್ಕಿಗಳು ಬಂದು, ನಾವು ಜಾಕ್ ಇಡಬೇಕಾದ ತೊಲೆಗೇ ಮಣ್ಣಿನ ಗೂಡು ಕಟ್ಟಿ ಮೊಟ್ಟೆ ಇಟ್ಟವು. 1918ರ ವಲಸೆ ಹಕ್ಕಿ ಕಾಯ್ದೆ ಪ್ರಕಾರ ಮೊಟ್ಟೆ ಮರಿ ಇರುವ ಗೂಡನ್ನು ಪರವಾನಗಿ ಇಲ್ಲದೆ ತೆಗೆಯುವ ಹಾಗಿಲ್ಲ. ಗೌಡ್ರು ಕೈಕಟ್ಟಿ ನಿಂತರು. ಅಜ್ಜ ಸಮಾಧಾನ ಹೇಳಿದರು: "ಯೋಚನೆ ಮಾಡಬೇಡಿ. ಈ ಬಾರ್ನಲ್ಲಿ ಬಾಡಿಗೆ ಕೊಡದೆ ಇರೋರು ಅವು ಮಾತ್ರ ಅಲ್ವಲ್ಲ." ಕೆಲಸ ಆಗಸ್ಟ್ ಕೊನೆಗೆ ಹೋಯಿತು. ನನಗೇನೂ ಬೇಜಾರಾಗಲಿಲ್ಲ, ಅಷ್ಟರಲ್ಲಿ ನೆಲ ಚೆನ್ನಾಗಿ ಒಣಗಿತ್ತು.

ಅಗೆಯುವ ಮೊದಲು 811ಕ್ಕೆ ಫೋನ್ ಮಾಡಬೇಕು. ಇಲ್ಲಿ ಆ ಸೇವೆಯ ಹೆಸರು "ಮಿಸ್ ಡಿಗ್". ಬಿಟ್ಟಿ ಸೇವೆ. ಬಂದು ನೆಲದೊಳಗಿನ ಲೈನುಗಳ ಗುರುತಿಗೆ ಬಾವುಟ ನೆಡುತ್ತಾರೆ: ಕರೆಂಟಿಗೆ ಕೆಂಪು, ಗ್ಯಾಸಿಗೆ ಹಳದಿ, ನೀರಿಗೆ ನೀಲಿ. ಆದರೆ ಅವರು ಗುರುತು ಹಾಕುವುದು ಕಂಪನಿಗಳ ಲೈನಿಗೆ ಮಾತ್ರ. ಮೀಟರಿನಿಂದ ಈಚೆಗೆ, ಮನೆಯಿಂದ ಬಾರ್ನಿಗೆ ಹಿಂದಿನವರು ಎಳೆದ ವೈರು ಅವರ ಲೆಕ್ಕಕ್ಕೆ ಬರುವುದಿಲ್ಲ. ಬಾವುಟ ಇಲ್ಲ ಅಂತ ಯಂತ್ರ ತಂದು ಅಗೆದವರ ಕತೆಗಳು ಇಲ್ಲಿ ಊರಿಗೊಂದಿವೆ. ಇಲ್ಲಿ ಕೈಯಲ್ಲೇ ಅಗೆದದ್ದರಿಂದ ಮೂರನೇ ಕಂಬದ ಪಕ್ಕ, ಒಂದೂವರೆ ಅಡಿಯಲ್ಲಿ, ಬೂದು ಬಣ್ಣದ ಕೇಬಲ್ ಸಿಕ್ಕಿತು. ಕರೆಂಟು ಆರಿಸಿ, ಪಕ್ಕಕ್ಕೆ ಸರಿಸಿದರು.

ಕೆಲಸಕ್ಕೆ ಬಂದದ್ದು ಆಮಿಶ್ ಜನರ ತಂಡ, ಹಳೇ ಕಾಲದ ಸರಳ ಬದುಕನ್ನೇ ಹಿಡಿದುಕೊಂಡಿರುವ ಕ್ರೈಸ್ತ ಪಂಗಡದವರು. ಮಿಷಿಗನ್, ಇಂಡಿಯಾನಾ, ಒಹಾಯೊ ಕಡೆ ಪೋಲ್ ಬಾರ್ನ್ ಕೆಲಸದಲ್ಲಿ ಅವರ ಕೈ ಪಳಗಿದ್ದು. ತಾವು ಕಾರು ಓಡಿಸುವುದಿಲ್ಲ, ಬಾಡಿಗೆ ಚಾಲಕನ ವ್ಯಾನಿನಲ್ಲಿ ಬರುತ್ತಾರೆ. ಭಾನುವಾರ ಕೆಲಸದ ಮಾತೇ ಇಲ್ಲ. ಊಟ ಅವರದೇ ಡಬ್ಬಿ. ಅಕ್ಕ ಕೊಟ್ಟ ಕೋಡುಬಳೆಯನ್ನು ಹಿರಿಯ ಮೇಸ್ತ್ರಿ ಮೊದಲು ಅನುಮಾನದಿಂದ ತಿರುಗಿಸಿ ನೋಡಿದರು. ಸಂಜೆಗೆ ಡಬ್ಬ ಖಾಲಿ.

ಒಂದು ಸಲಕ್ಕೆ ಒಂದೇ ಕಂಬ, ಅದು ನಿಯಮ. ಒಂದಾದ ಮೇಲೆ ಅದರ ಪಕ್ಕದ್ದಲ್ಲ, ಒಂದು ಬಿಟ್ಟು ಇನ್ನೊಂದು. ಮೂಲೆಗಳಿಗೆ ಓರೆಯಾಗಿ ತಾತ್ಕಾಲಿಕ ಪಟ್ಟಿ ಹೊಡೆದರು. ಕಂಬದ ಎರಡೂ ಪಕ್ಕ ದಪ್ಪ ಹಲಗೆಯ ಮೇಲೆ ಊರುಗೋಲು, ಕೆಳಗೆ ಬಾಟಲ್ ಜಾಕ್. ಜಾಕ್ ಒತ್ತುವಾಗ ಮೇಸ್ತ್ರಿಯ ಕಣ್ಣು ಜಾಕ್ ಮೇಲೆ ಇರಲಿಲ್ಲ, ತಗಡಿನ ತಿರುಪುಗಳ ಮೇಲಿತ್ತು. ಮೇಲೆ ಒಂದು ಸಣ್ಣ ಕಿರ್ ಅಂದಾಗ ಕೈ ಎತ್ತಿದರು, ಎಲ್ಲ ನಿಂತಿತು. ಸೂರು ಒಂದೂವರೆ ಇಂಚು ಇಳಿದಿತ್ತು, ಅದರಲ್ಲಿ ಮುಕ್ಕಾಲು ಇಂಚು ವಾಪಸ್ ಬಂತು. ಗೌಡ್ರು "ಪೂರ್ತಿ ಎತ್ತಿಬಿಡಿ" ಅಂದರು. ಮೇಸ್ತ್ರಿ ತಲೆ ಅಲ್ಲಾಡಿಸಿದರು. ಅವರೇ ಸರಿ. ವರ್ಷಗಟ್ಟಲೆ ಬಾಗಿ ಕೂತ ಮರ ಮತ್ತು ತಗಡು ಆ ಆಕಾರಕ್ಕೆ ಒಗ್ಗಿಹೋಗಿರುತ್ತದೆ. ಬಲವಂತ ಮಾಡಿದರೆ ತಿರುಪಿನ ತೂತುಗಳು ಹರಿದು, ಇಲ್ಲದ ಸೋರಿಕೆ ಶುರುವಾಗುತ್ತದೆ.

ಕುಯ್ದ ಬುಡಗಳನ್ನು ಸರಪಳಿ ಕಟ್ಟಿ ಟ್ರಾಕ್ಟರಿನಲ್ಲಿ ಎಳೆದರು. ಎರಡು ನೆಲಮಟ್ಟದಲ್ಲೇ ಮುರಿದು ಕೈಗೆ ಬಂದವು. ಮೂರು ಅಡಿ ಕೆಳಗಿನ ತುಂಡು ಮಾತ್ರ ನಿನ್ನೆ ಹೂತ ಹಾಗೆ ಗಟ್ಟಿ. ಅದನ್ನು ನೋಡಿ ಗೌಡ್ರ ಒಳಗಿನ ಹಳ್ಳಿಯವ ಎದ್ದು ಕೂತ: "ಒಳ್ಳೇ ಸೌದೆ ಆಗುತ್ತೆ, ಚಳಿಗಾಲಕ್ಕೆ ಬೆಂಕಿ ಹಾಕ್ಬೋದು." ಅದೊಂದು ಮಾತ್ರ ಮಾಡಬಾರದು. ಈ ಮರದ ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಇರುತ್ತದೆ. ಮನೆಬಳಕೆಯ ಮರಕ್ಕೆ ಈ ಔಷಧಿ ಹಾಕುವುದನ್ನು 2003ರ ಕೊನೆಗೆ ನಿಲ್ಲಿಸಿದ್ದಾರೆ, ಹಳೇ ಬಾರ್ನುಗಳಲ್ಲಿ ಅದು ಇನ್ನೂ ನಿಂತೇ ಇದೆ. ತುಂಡುಗಳು ಕಸದ ಭೂಭರ್ತಿಗೆ ಹೋದವು. ಹೊಸ ತಳದ ಹಲಗೆಗೆ ಕಲಾಯಿ ಹಾಕಿದ ಮೊಳೆಯನ್ನೇ ಹೊಡೆದರು. ಈಗಿನ ತಾಮ್ರದ ಔಷಧಿ ಸಾದಾ ಮೊಳೆಯನ್ನು ತಿಂದುಹಾಕುತ್ತದೆ.

ನಂತರದ ಚಳಿಗಾಲದಲ್ಲಿ ತಗಡಿನ ಕೆಳಗೆ ಹಿಮದ ಪುಡಿ ಪೂರ್ತಿ ಹೋಗಲಿಲ್ಲ, ತೀರಾ ಚಳಿ ಬಿದ್ದ ಬೆಳಗ್ಗೆ ನೆತ್ತಿಯ ಹತ್ತಿರ ಸ್ವಲ್ಪ ಕಾಣುತ್ತದೆ. ತೊಟ್ಟಿಕ್ಕುವಷ್ಟಿಲ್ಲ. ಗಟರಿಗೆ ಮೇಪಲ್ ಎಲೆ ತುಂಬುತ್ತದೆ, ವರ್ಷಕ್ಕೆ ಎರಡು ಸಲ ಬಾಚಬೇಕು. ಗೌಡ್ರು ಬಾಚುತ್ತಾರೆ, ಅಕ್ಕ ಏಣಿ ಹಿಡಿದು ಕೆಳಗಿನಿಂದ ಸಲಹೆ ಕೊಡುತ್ತಾರೆ. ಗ್ರೌಂಡ್‌ಹಾಗ್ ಗಲಾಟೆ ತಡೆಯಲಾರದೆ ಜಾಗ ಖಾಲಿ ಮಾಡಿ, ಈಗ ಅಜ್ಜನ ಬಾರ್ನ್ ಕೆಳಗಿದೆಯಂತೆ. ಕನ್ನಡ ಸಂಘದ ಆನೆಗೆ ಒಂದು ಕಿವಿ ಇಲ್ಲ.

ದಕ್ಷಿಣದ ಗೋಡೆಗೆ ಗಟರ್ ಇನ್ನೂ ಬಂದಿಲ್ಲ. ಆ ಕಡೆ ನೆಲದ ಇಳಿಜಾರು ಸರಿಯಾಗಿದೆ, ಹಾಗಾಗಿ ಅವಸರ ಇಲ್ಲ ಅನ್ನುತ್ತಾರೆ ಗೌಡ್ರು. ಅಲ್ಲಿನ ನಾಲ್ಕನೇ ಕಂಬದಲ್ಲಿ ಮಾತ್ರ ಸ್ಕ್ರೂಡ್ರೈವರ್ ಕಾಲು ಇಂಚು ಇಳಿಯಿತು. ಕಂಬದ ಮೇಲೆ ಬಿಳಿ ಬಣ್ಣದಲ್ಲಿ ತಾರೀಖು, ಅಳತೆ ಬರೆದಿಟ್ಟಿದ್ದೇವೆ. ಬರುವ ಏಪ್ರಿಲ್‌ನಲ್ಲಿ ಅದೇ ಸ್ಕ್ರೂಡ್ರೈವರ್ ತಗೊಂಡು ಮತ್ತೆ ಚುಚ್ಚಬೇಕು. ಅರ್ಧ ಇಂಚಿಗೆ ಹೋಗಿದ್ದರೆ ಗಟರ್ ಬರುತ್ತದೆ, ಗೌಡ್ರು ಒಪ್ಪಲಿ ಬಿಡಲಿ. ಅಕ್ಕ ಈಗಾಗಲೇ ಅಳತೆ ತೆಗೆಸಿದ್ದಾರೆ.